ಬಂಡ್ರಿಯ ಅಂಗಳದಲ್ಲಿ ಒಂದು ಮೋಟಾರು

ಹೊಸಪೇಟೆಯಿಂದ ಸಂಡೂರಿನ ಕಡೆಗೆ ಹೊರಟವರಿಗೆ ಗುಡ್ಡವೂ ಕೆಂಪು, ಧೂಳೂ ಕೆಂಪು. ಅದಿರಿನ ಲಾರಿಗಳ ಹಿಂದೆ ಸಾಗಿದವರ ಬಿಳಿಯ ಪಂಚೆಯೂ ಕೆಂಪಾಗದೆ ಉಳಿಯದು. ಕಳೆದ ಮಾಗಿಯಲ್ಲಿ ನಾವು ಆ ದಾರಿಯನ್ನು ಹಿಡಿದು ಸಂಡೂರು ತಾಲ್ಲೂಕಿನ ಬಂಡ್ರಿಗೆ ಹೋಗಿದ್ದೆವು. ಗುಡಿಯನ್ನಾಗಲಿ ಕೋಟೆಯನ್ನಾಗಲಿ ನೋಡುವುದಕ್ಕಲ್ಲ. ಎತ್ತಿನ ಬಂಡಿಗಳನ್ನು ಮಾಡುವ ವೃದ್ಧ ಬಡಗಿಯೊಬ್ಬರ ಅಂಗಳದಲ್ಲಿ ಬಿಚ್ಚಿಟ್ಟಿದ್ದ ಇಂಗ್ಲಿಷ್ ಮೋಟಾರೊಂದನ್ನು ನೋಡುವುದಕ್ಕೆ.

ಮೋಟಾರು ನಮ್ಮ ಮಿತ್ರರೊಬ್ಬರದು. ಅವರ ತಂದೆಯವರು ಗತಿಸಿದ ಮೇಲೆ ಇಪ್ಪತ್ತು ಮಳೆಗಾಲ ಅದು ಕೊಟ್ಟಿಗೆಯಲ್ಲಿಯೇ ನಿಂತಿತ್ತು. ಈಗ ಅದನ್ನು ಮತ್ತೆ ನಡೆಯುವಂತೆ ಮಾಡಬೇಕೆಂಬುದು ಮಗನ ಸಂಕಲ್ಪ.

ಬಡಗಿಗೂ ಮೋಟಾರಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಆಕ್ಸ್‌ಫರ್ಡಿನ ಮಾರಿಸ್ ಗ್ಯಾರೇಜಿನ ಆಡಳಿತವನ್ನು ನೋಡುತ್ತಿದ್ದ ಸೆಸಿಲ್ ಕಿಂಬರರು ಸಾಧಾರಣ ಮಾರಿಸ್ ಬಂಡಿಗಳಿಗೆ ಹಗುರವಾದ ಮೈಯನ್ನು ಕಟ್ಟಿಸಿ ವೇಗದ ಬಂಡಿಗಳನ್ನಾಗಿ ಮಾಡಿಸಿದರು. ಆ ಗ್ಯಾರೇಜಿನ ಮೊದಲಕ್ಷರಗಳೇ ಎಂ. ಜಿ. 1928ರಲ್ಲಿ ಮಿಡ್ಜೆಟ್ ಎಂಬ ಪುಟ್ಟ ಬಂಡಿ ಜನರ ಮುಂದೆ ಬಂದಿತು. ಅದೇ ವಂಶದ ಟಿ. ಸಿ. ಎಂಬುದನ್ನು 1945ರಿಂದ 1949ರವರೆಗೆ ಅಬಿಂಗ್ಡನ್ ಕಾರಖಾನೆಯಲ್ಲಿ ಸುಮಾರು 10,000ದಷ್ಟು ತಯಾರಿಸಿದರು. ಬಳಿಕ ಟಿ. ಡಿ., ಟಿ. ಎಫ್. ಬಂದುವು, 1955ರ ಎಂ. ಜಿ. ಎ.ಯಿಂದ ರೂಪವೇ ಬದಲಾಯಿತು, 1962ರಲ್ಲಿ ಎಂ. ಜಿ. ಬಿ. ಹೊರಟಿತು. 1980ರಲ್ಲಿ ಆ ಕಾರಖಾನೆಯೇ ಮುಚ್ಚಿತು. ನಮ್ಮ ಮಿತ್ರರದು ಟಿ. ಸಿ.: 1250 ಘನ ಸೆಂಟಿಮೀಟರಿನ ಯಂತ್ರ, ತಂತಿಕಡ್ಡಿಗಳ ಎತ್ತರದ ಚಕ್ರಗಳು, ಇಬ್ಬರಿಗೆ ಮಾತ್ರ ಸ್ಥಳ. ಅದರ ತಗಡಿನ ಮೈಯೊಳಗಿರುವುದು ಆಶ್ ಎಂಬ ಸೀಮೆಮರದ ಚೌಕಟ್ಟು. ಆ ಮರ ಪೆಟ್ಟನ್ನು ತಡೆಯುವುದೇ ಹೊರತು ತೇವವನ್ನೂ ಹುಳುವನ್ನೂ ತಡೆಯದು.

ಯಂತ್ರವನ್ನು ಹೊಸಪೇಟೆಯಲ್ಲಿ ಬಿಚ್ಚುವಾಗಲೇ ಒಂದು ವಿನೋದ ನಡೆದಿತ್ತು. ಆ ಯಂತ್ರದ ಬೋಲ್ಟುಗಳ ತಲೆ ಇಂಗ್ಲಿಷ್ ಅಳತೆಯದು, ಸುತ್ತು ಮಾತ್ರ ಮೆಟ್ರಿಕ್ ಅಳತೆಯದು! ಪಾನ ಸರಿಹೊಂದಿತೆಂದು ಅಂಗಡಿಯಿಂದ ತಂದ ಬೋಲ್ಟು ಒಳಗೆ ಇಳಿಯಲೊಲ್ಲದು.

ಬಂಡ್ರಿಯಲ್ಲಿ ಎದುರಾದುದು ಬೇರೊಂದು ತೊಡಕು. ಬಾಗಿಲ ಕಂಬದಲ್ಲಿ ಒಂದು ತುಂಡು ಜಾಲಿಯ ಮರವಿತ್ತು. ಹಿಂದೆ ಬಾಗಿಲು ಮುರಿದಾಗ ತಂದೆಯವರು ತಾವೇ ಕೆತ್ತಿ ಕೂರಿಸಿದ್ದುದು. ಸುತ್ತಲ ಸೀಮೆಮರ ಪುಡಿಯಾಗಿದ್ದರೂ ಅದು ಹಾಗೆಯೇ ಇತ್ತು. ಮಿತ್ರರು, “ಕಾರಖಾನೆಯಿಂದ ಬಂದಂತೆಯೇ ಆಗಬೇಕು, ಅದನ್ನು ತೆಗೆದುಬಿಡಿ ಅಜ್ಜಾ” ಎಂದರು.

ಬಡಗಿಗಳು ಉಗುರಿನಿಂದ ಗೀರಿ ನೋಡಿ, “ಇದಿನ್ನೂ ಗಟ್ಟಿ ಐತ್ರಿ. ಅಪ್ಪಾರು ಕೂಡಿಸಿದ್ದನ್ನ ನಾ ಯಾಕ ಕೀಳಲಿ?” ಎಂದರು. ಮಿತ್ರರು ಬಹಳ ಹೊತ್ತು ಮಾತನಾಡಲಿಲ್ಲ.

ಮರಳುವಾಗ ಹಂಪೆಯ ವಿಠ್ಠಲನ ಗುಡಿಗೆ ಹೋದೆವು. ಕಲ್ಲಿನ ರಥದ ಮುಂದೆ ಈಗಿರುವ ಆನೆಗಳು ಮೊದಲಿನವಲ್ಲ. ಅವುಗಳ ಹಿಂದೆ ಕುದುರೆಗಳ ಹಿಂಗಾಲುಗಳ ಗುರುತು ಇಂದಿಗೂ ಉಂಟು. 1856ರಲ್ಲಿ ಗ್ರೀನ್‌ಲಾ ಎಂಬವರು ತೆಗೆದ ಛಾಯಾಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರ ಕಾಣುತ್ತದೆ, ಈಗ ಅದಿಲ್ಲ. ಆದರೂ ಅದು ಬೇರೆ ರಥವೆಂದು ಯಾರೂ ಹೇಳುವುದಿಲ್ಲ. ಮಿತ್ರರು ಆ ಆನೆಗಳನ್ನೇ ನೋಡುತ್ತ ನಿಂತಿದ್ದರು.

ಯುಗಾದಿಯ ಹೊತ್ತಿಗೆ ತೇಗದ ಹೊಸ ಚೌಕಟ್ಟು ಸಿದ್ಧವಾಯಿತು. ಬಾಗಿಲ ಕಂಬದಲ್ಲಿ ಜಾಲಿಯ ತುಂಡು ಹಾಗೆಯೇ ಇದೆ. ಮೇಲೆ ತಗಡು ಹೊದಿಸಿರುವುದರಿಂದ ಅದು ನೋಡುವವರ ಕಣ್ಣಿಗೆ ಬೀಳುವುದಿಲ್ಲ. ಬಾಗಿಲು ಮುಚ್ಚುವಾಗಲೆಲ್ಲ ಮಿತ್ರರ ಕೈ ಮಾತ್ರ ಅಲ್ಲಿ ಒಂದು ಕ್ಷಣ ನಿಲ್ಲುತ್ತದೆ.