ಬಿದನೂರಿನ ಅರಮನೆ

ಶಿವಮೊಗ್ಗ ಜಿಲ್ಲೆಯ ಹೊಸನಗರದಿಂದ ಕೊಲ್ಲೂರಿನ ಕಡೆಗೆ ಹೋಗುವ ದಾರಿಯಲ್ಲಿ ನಗರವೆಂಬ ಸಣ್ಣ ಊರೊಂದಿರುವುದು. ಊರ ಬಳಿಯ ಗುಡ್ಡದ ಮೇಲೆ ಹಾಳುಬಿದ್ದ ಕೋಟೆ. ಒಳಹೊಕ್ಕವರಿಗೆ ಬುರುಜುಗಳು, ಅಕ್ಕತಂಗಿಯರ ಕೊಳವೆಂಬ ಜೋಡಿಕೊಳ, ಅರಮನೆಯಿದ್ದ ಕಡೆ ಅದರ ಅಡಿಪಾಯದ ಕಲ್ಲುಗಳು, ಇಷ್ಟೇ ಕಾಣುವುವು. ಕೆಳದಿಯ ಅರಸರ ಕೊನೆಯ ರಾಜಧಾನಿಯಾದ ಬಿದನೂರು ಇದೇ ಎಂದು ಹೇಳಿದರೆ ನಂಬುವುದು ಕಷ್ಟ.

ಈ ಅರಸುಮನೆತನವು ಕ್ರಿ.ಶ. 1500ರ ಸುಮಾರಿಗೆ ಕೆಳದಿಯಲ್ಲಿ ತಲೆಯೆತ್ತಿ, ಅಲ್ಲಿಂದ ಇಕ್ಕೇರಿಗೆ ಬಂದು, ವಿಜಯನಗರವು ಕುಗ್ಗಿದಂತೆಲ್ಲ ತಾನು ಹಿಗ್ಗಿತು. ಬಿಜಾಪುರದ ಸೈನ್ಯವು ಇಕ್ಕೇರಿಯನ್ನು ಸೂರೆಗೊಂಡ ಮೇಲೆ, 1639ರ ಸುಮಾರಿಗೆ, ವೀರಭದ್ರನಾಯಕನು ರಾಜಧಾನಿಯನ್ನು ಘಟ್ಟದ ಅಂಚಿನ ಬಿದನೂರಿಗೆ ಸಾಗಿಸಿದನು. ಬಿದಿರಿನಿಂದ ಬಂದ ಈ ಹೆಸರನ್ನು ಪಂಡಿತರು ವೇಣುಪುರವೆಂದು ಸಂಸ್ಕೃತಕ್ಕೆ ತಿರುಗಿಸಿದರು. ಸುತ್ತಲೂ ದಟ್ಟವಾದ ಕಾಡು, ಎಡೆಬಿಡದ ಮಳೆ, ಶತ್ರುವಿಗೆ ಸುಲಭವಾಗಿ ಎಟುಕದ ನೆಲೆ. ಅದೇ ಕಾಲದಲ್ಲಿ ಘಟ್ಟದ ಕೆಳಗಿನ ಬಂದರುಗಳಿಗೆ ಮೆಣಸು ಇಳಿಯುವ ಹಾದಿ. ಭಯವು ತೋರಿಸಿಕೊಟ್ಟ ಸ್ಥಳವನ್ನೇ ಭಾಗ್ಯವೂ ಒಪ್ಪಿತೆನ್ನಬೇಕು.

ಬಿದನೂರಿಗೆ ಕೀರ್ತಿಯನ್ನು ತಂದವನು ಶಿವಪ್ಪನಾಯಕನು. ಅವನು 1645ರಿಂದ 1660ರ ವರೆಗೆ ಆಳಿದನು. ಕರಾವಳಿಯಲ್ಲಿ ಪೋರ್ತುಗೀಸರ ಕೋಟೆಗಳನ್ನು ಹಿಡಿದುದು ಅವನ ಪರಾಕ್ರಮ. ಆದರೆ ಜನರ ನಾಲಗೆಯ ಮೇಲೆ ಉಳಿದುದು ಅವನ 'ಶಿಸ್ತು'. ಊರೂರಿನಲ್ಲಿಯೂ ಒಂದೊಂದು ತರದ ಭೂಮಿಯನ್ನು ಆರಿಸಿ, ಹನ್ನೆರಡು ವರ್ಷಗಳ ಕಾಲ ಸರ್ಕಾರದ ಕಡೆಯಿಂದಲೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜವೆಷ್ಟು, ತಗಲಿದ ಖರ್ಚೆಷ್ಟು, ಬಂದ ಫಲವೆಷ್ಟು, ಪೇಟೆಯ ಧಾರಣೆಯೆಷ್ಟು ಎಂಬುದನ್ನು ಬರೆಯಿಸಿ, ಸರಾಸರಿ ಉತ್ಪನ್ನದ ಮೂರರಲ್ಲೊಂದು ಪಾಲನ್ನು ಕಂದಾಯವಾಗಿ ಅವನು ಗೊತ್ತುಮಾಡಿದನೆಂದು ಪರಂಪರೆಯಿಂದ ತಿಳಿದುಬರುವುದು. ಕೊಡತಕ್ಕದ್ದೆಷ್ಟು ಎಂಬುದು ರೈತನಿಗೆ ಮೊದಲೇ ಗೊತ್ತಿದ್ದರೆ ಅವನ ಮನೆಯಲ್ಲಿ ನಿದ್ರೆಯಿರುವುದು. ಅರಸನಿಗೂ ಇದರಿಂದ ಒಂದು ಕಟ್ಟು ಉಂಟಾಯಿತು: ತಾನೇ ಎಳೆದ ಗೆರೆಯನ್ನು ತಾನೇ ದಾಟಬಾರದೆಂಬ ಕಟ್ಟು.

ಇಂಥ ತಳಹದಿಯ ಮೇಲೆ ನಿಂತ ಅರಮನೆಯು ಮುಂದೆಯೂ ಬೆಳಗಿತು. ಶಿವಾಜಿಯ ಮಗನಾದ ರಾಜಾರಾಮನು ಮೊಗಲರಿಗೆ ತಪ್ಪಿಸಿಕೊಂಡು 1689ರಲ್ಲಿ ಈ ಸೀಮೆಗೆ ಬಂದಾಗ, ಔರಂಗಜೇಬನ ಕೋಪವನ್ನು ಲೆಕ್ಕಿಸದೆ ಅವನಿಗೆ ಆಶ್ರಯವಿತ್ತವಳು ರಾಣಿ ಚೆನ್ನಮ್ಮಾಜಿ. ಅವಳ ದತ್ತಪುತ್ರನಾದ ಬಸವಪ್ಪನಾಯಕನು 'ಶಿವತತ್ತ್ವರತ್ನಾಕರ'ವೆಂಬ ಮಹಾಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದನು.

ಆದರೆ ಹೊರಗಿನ ಗೋಡೆ ಬಲಿತಷ್ಟು ಒಳಮನೆ ಬಲಿಯಲಿಲ್ಲ. 1755ರಲ್ಲಿ ಕೊನೆಯ ಬಸವಪ್ಪನಾಯಕನು ತೀರಿಕೊಂಡ ಮೇಲೆ ರಾಣಿ ವೀರಮ್ಮಾಜಿಯು ದತ್ತುಮಕ್ಕಳ ಹೆಸರಿನಲ್ಲಿ ರಾಜ್ಯವನ್ನು ನಡಸಬೇಕಾಯಿತು. ಮೊದಲ ದತ್ತಪುತ್ರನಾದ ಚೆನ್ನಬಸಪ್ಪನು ಸತ್ತನೆಂದು ಅರಮನೆಯವರು ಸಾರಿದರು. ಆ ಚೆನ್ನಬಸಪ್ಪನು ತಾನೇ ಎಂದು ಹೇಳಿಕೊಂಡ ಒಬ್ಬನು ಹೈದರಾಲಿಯ ಮೊರೆಹೊಕ್ಕನು. ಹೈದರನಿಗೆ ಬೇಕಾದ ನೆಪ ತಾನಾಗಿಯೇ ಕೈಗೆ ಬಂದಿತು. 1763ರಲ್ಲಿ ಅವನ ಸೈನ್ಯವು ಬಂದಾಗ, ರಾಣಿಯ ಸೆರೆಯಲ್ಲಿದ್ದ ಹಿಂದಿನ ಮಂತ್ರಿಯೊಬ್ಬನೇ ಕಾಡಿನೊಳಗಿನ ಗುಪ್ತಮಾರ್ಗವನ್ನು ತೋರಿಸಿಕೊಟ್ಟನೆಂದು ಇತಿಹಾಸಕಾರರು ಬರೆದಿರುವರು. ರಾಣಿಯು ಅರಮನೆಗೆ ಬೆಂಕಿಯಿಡುವಂತೆ ಆಜ್ಞೆಮಾಡಿ ಓಡಿಹೋದಳು. ಹೈದರನು ಬೆಂಕಿಯನ್ನು ಆರಿಸಿ ಭಂಡಾರವನ್ನು ವಶಪಡಿಸಿಕೊಂಡನು. ರಾಣಿಯೂ ಅವಳ ದತ್ತಪುತ್ರನೂ ಸೆರೆಸಿಕ್ಕಿ ಮಧುಗಿರಿಯ ಬೆಟ್ಟಕ್ಕೆ ಹೋದರು. 1767ರಲ್ಲಿ ಮರಾಠರು ಅವರನ್ನು ಬಿಡಿಸಿದರಾದರೂ ರಾಣಿಯು ಪುಣೆಯನ್ನು ಕಾಣದೆ ದಾರಿಯಲ್ಲಿಯೇ ಕಣ್ಮುಚ್ಚಿದಳು. ಗೋಡೆಗಳು ಸೋತುವೆಂದು ಹೇಳುವಂತಿಲ್ಲ. ಗೋಡೆಗಳಿಗೆ ಕೆಲಸವೇ ಬರಲಿಲ್ಲ.

ಗೆದ್ದವನು ಊರಿಗೆ ಹೈದರನಗರವೆಂದು ಹೆಸರಿಟ್ಟನು. ಆದರೂ ಇಕ್ಕೇರಿಯ ವರಹದ ಮೇಲಿದ್ದ ಪಾರ್ವತೀಪರಮೇಶ್ವರರ ಮೂರ್ತಿಯನ್ನು ತನ್ನ ಚಿನ್ನದ ನಾಣ್ಯದಲ್ಲಿ ಹಾಗೆಯೇ ಉಳಿಸಿಕೊಂಡು, ಹಿಂಬದಿಯಲ್ಲಿ ಮಾತ್ರ ತನ್ನ ಹೆಸರಿನ ಮೊದಲಕ್ಷರವನ್ನು ಅಚ್ಚೊತ್ತಿಸಿದನು. ಪೇಟೆಯ ಜನ ನಂಬಿದ್ದ ಗುರುತನ್ನು ಅಳಿಸುವ ಅವಿವೇಕವನ್ನು ಅವನು ಮಾಡಲಿಲ್ಲ. 1783ರಲ್ಲಿ ಇಂಗ್ಲಿಷರ ಸೇನಾಪತಿ ಮ್ಯಾಥ್ಯೂಸನು ಕೋಟೆಯನ್ನು ಹಿಡಿದನು. ಅದೇ ವರ್ಷ ಟಿಪ್ಪುವು ಮುತ್ತಿ ಮರಳಿ ಪಡೆದನು. 1799ರ ತರುವಾಯ ಈ ಸೀಮೆಯು ಮೈಸೂರು ಅರಸರ ಪಾಲಿಗೆ ಬಂದಿತು. ಕಾಲಕ್ರಮದಲ್ಲಿ ಹೈದರನ ಹೆಸರೂ ಉದುರಿ ಬರಿಯ ನಗರವೆಂಬುದು ಉಳಿಯಿತು.

ಕಥೆಯು ಇಲ್ಲಿಗೆ ಮುಗಿಯಿತೆಂದು ತಿಳಿದವರಿಗೆ 1830ನೆಯ ಇಸವಿಯು ಉತ್ತರವಿತ್ತಿತು. ಕಂದಾಯವನ್ನು ಶರ್ತಿನ ಮೇಲೆ ಬಿಟ್ಟುಕೊಟ್ಟು, ಹೆಚ್ಚು ವಸೂಲಿಯಾದಷ್ಟೂ ಲೇಸೆಂದು ಅಧಿಕಾರಿಗಳು ನಡೆಯತೊಡಗಿದಾಗ ನಗರಸೀಮೆಯ ರೈತರು ಕೂಟಕಟ್ಟಿ ಎದ್ದರು. ಆಗ ಬೂದಿಬಸಪ್ಪನೆಂಬವನು ತಾನು ಕೆಳದಿಯ ಅರಸರ ವಂಶದವನೆಂದು ಸಾರಿಕೊಂಡನು. ಅನೇಕರು ಅವನ ಬೆನ್ನಿಗೆ ನಿಂತರು. ಅರಮನೆ ಬಿದ್ದು ಅರುವತ್ತೇಳು ವರ್ಷಗಳು ಸಂದಿದ್ದುವು. ಆ ಸಿಂಹಾಸನವನ್ನು ಕಣ್ಣಾರೆ ಕಂಡವರು ಎಷ್ಟು ಮಂದಿ ಬದುಕಿದ್ದಾರು? ಆದರೂ ಆ ಹೆಸರಿಗೆ ಜನ ಸೇರಿದರು. ಈ ದಂಗೆಯನ್ನೇ ಮುಖ್ಯ ಕಾರಣವಾಗಿ ಮುಂದಿಟ್ಟುಕೊಂಡು ಇಂಗ್ಲಿಷರು 1831ರಲ್ಲಿ ಮೈಸೂರಿನ ಆಡಳಿತವನ್ನು ತಾವೇ ವಹಿಸಿಕೊಂಡರು. ಅರಸರಿಗೆ ಅದು ಹಿಂದಿರುಗಿದುದು 1881ರಲ್ಲಿ.

ಜನರನ್ನು ಅಂದು ಎಳೆದುದು ಬೂದಿಬಸಪ್ಪನ ವಂಶಾವಳಿಯ ಸತ್ಯಾಸತ್ಯವಲ್ಲ. ಹಿಂದೊಮ್ಮೆ ಈ ನೆಲದಲ್ಲಿ ಕೊಡುವುದಕ್ಕೂ ಕೊಳ್ಳುವುದಕ್ಕೂ ಒಂದು ಅಳತೆಯಿತ್ತೆಂಬ ನೆನಪೇ ಅವರನ್ನು ಎಳೆದಿರಬೇಕು. ಕೋಟೆಯನ್ನು ನೋಡಲು ಬರುವವರು ಬುರುಜಿನ ಎತ್ತರವನ್ನು ನೋಡಿ ಬೆರಗಾಗುವುದು ಸಹಜ. ಆದರೆ ಶಿವಪ್ಪನಾಯಕನು ಕಟ್ಟಿದುದರಲ್ಲಿ ಬಹುಕಾಲ ಬಾಳಿದುದು ಕಲ್ಲಿನ ಕಟ್ಟಡವಲ್ಲ. ಹನ್ನೆರಡು ವರ್ಷ ತಾಳ್ಮೆಯಿಂದ ಬರೆಯಿಸಿದ ಗದ್ದೆಯ ಲೆಕ್ಕ. ಅದಕ್ಕೆ ಬೆಂಕಿಯಿಡುವ ಬಗೆ ಯಾರಿಗೂ ತಿಳಿದಿರಲಿಲ್ಲ.