ಹನ್ನೆರಡು ಜಿಬಿಯ ಲೆಕ್ಕ

"ಅಕ್ಕಾ, ಗೇಮಿಂಗ್ ಲ್ಯಾಪ್‌ಟಾಪ್, 12 ಜಿಬಿ ಗ್ರಾಫಿಕ್ಸ್ ಅಂತೆ, ಬರೀ 50 ಸಾವಿರ!" ತಮ್ಮ ಫೋನ್ ಮುಂದೆ ಹಿಡಿದ. ಟ್ಯೂಷನ್ ಹೇಳಿ ಒಂದೂವರೆ ವರ್ಷ ಕೂಡಿಟ್ಟ ದುಡ್ಡು ಅದು. ಅಡ್ವಾನ್ಸ್ ಕಳಿಸೋಕೆ ಹೊರಟವನನ್ನು ತಡೆದು, ಭಾನುವಾರ ಜೊತೆಗೆ ನಾನೂ ಹೋದೆ.

ಮಾರುತ್ತಿದ್ದವನು ಪಿಜಿಯಲ್ಲಿರುವ ಕಾಲೇಜು ಹುಡುಗ. ಟಾಸ್ಕ್ ಮ್ಯಾನೇಜರ್ ತೆಗೆದು, ಪರ್ಫಾರ್ಮೆನ್ಸ್‌ನಲ್ಲಿ ಜಿಪಿಯು ನೋಡಿದೆ. ಹೆಸರು ಆರ್‌ಟಿಎಕ್ಸ್ 3050. ಜಿಪಿಯು ಮೆಮೊರಿ ಹೆಚ್ಚೂಕಡಿಮೆ 12 ಜಿಬಿ. "ನೋಡು, ಇದೆಯಲ್ಲ!" ಅಂದ ತಮ್ಮ.

ಅಲ್ಲೇ ಇನ್ನೆರಡು ಸಾಲು ಇದ್ದವು: ಡೆಡಿಕೇಟೆಡ್ 4, ಶೇರ್ಡ್ 8. ಅಂದರೆ ಗ್ರಾಫಿಕ್ಸ್ ಕಾರ್ಡಿನ ಸ್ವಂತ ಮೆಮೊರಿ ನಾಲ್ಕೇ. ಉಳಿದ ಎಂಟು ಲ್ಯಾಪ್‌ಟಾಪಿನ 16 ಜಿಬಿ ರ‍್ಯಾಮ್‌ನ ಅರ್ಧ. ಸಾಲದಿದ್ದರೆ ಕಡ ತಗೋಬಹುದು ಅಂತ ವಿಂಡೋಸ್ ತೋರಿಸುವ ಮಿತಿ. ಪಕ್ಕದ ಮನೆ ಸಕ್ಕರೆಯನ್ನೂ ನಮ್ಮ ಡಬ್ಬಿ ಲೆಕ್ಕಕ್ಕೆ ಸೇರಿಸಿದ ಹಾಗೆ! ಆ ಕಡದ ಮೆಮೊರಿ ನಿಧಾನ, ದೊಡ್ಡ ಗೇಮ್ ತಡವರಿಸುತ್ತೆ.

ವಿವರಿಸಿದಾಗ ಹುಡುಗನ ಮುಖ ಬಾಡಿತು. "ನಂಗೂ 12 ಅಂತಾನೇ ಹೇಳಿ ಮಾರಿದ್ರು ಅಕ್ಕಾ." ಅವನೂ ಸೆಕೆಂಡ್ ಹ್ಯಾಂಡ್ ಕೊಂಡಿದ್ದ. ಜಗಳಕ್ಕೆ ಸಿದ್ಧವಾಗಿ ಹೋಗಿದ್ದ ನನಗೆ ಮಾತೇ ಹೊರಡಲಿಲ್ಲ.

ಬ್ಯಾಟರಿ ರಿಪೋರ್ಟ್ ನೋಡಿದೆವು. ಚಾರ್ಜರ್ ಹಾಕಿ ಅರ್ಧ ಗಂಟೆ ಗೇಮ್ ಆಡಿಸಿದೆವು. ಮೆಷಿನ್ ಚೆನ್ನಾಗೇ ಇತ್ತು. ಕೊನೆಗೆ 36 ಸಾವಿರಕ್ಕೆ ಮಾತಾಯಿತು.

ವಾಪಸ್ ಬರುವಾಗ ತಮ್ಮ ಕೇಳಿದ, "ಮುಂದೆ ನಾವು ಮಾರುವಾಗ ಎಷ್ಟು ಜಿಬಿ ಅಂತ ಹಾಕೋದು?"

"ನಾಲ್ಕು," ಅಂದೆ.