ಏನ್ ಲೆಕ್ಕ ಗುರೂ | ಭಾಗ 6: ಟ್ರ್ಯಾಕ್ಟರ್ ಎಳೆಯುತ್ತೆ, ನಿಲ್ಲುತ್ತಾ?

ಕಬ್ಬಿನ ಸೀಸನ್ ಶುರುವಾದ್ರೆ ಸಾಕು, ನಮ್ಮ ಬಿಕಾಂ ಕ್ಲಾಸಿನ ಹಿಂದಿನ ಎರಡು ಬೆಂಚು ಖಾಲಿ. ಮಂಡ್ಯ ಕಡೆಯವರಿಗೆ ಯಾಕೆ ಅಂತ ಹೇಳೋದೇ ಬೇಡ, ಹುಡುಗರೆಲ್ಲ ಟ್ರ್ಯಾಕ್ಟರ್ ಮೇಲೆ. ಇದು ಅವರಿಗೇ ಬರೆದಿದ್ದು.

ಫ್ಯಾಕ್ಟರಿ ವೇಬ್ರಿಡ್ಜ್ ಚೀಟಿ ನೋಡಿರ್ತೀರಿ. ಗ್ರಾಸ್, ಟೇರ್, ನೆಟ್. ದುಡ್ಡು ಬರೋದು ನೆಟ್‌ಗೆ, ಹಾಗಾಗಿ ನಾವೆಲ್ಲ ನೋಡೋದು ಅದೊಂದೇ. ಬ್ರೇಕಿಗೆ ಮಾತ್ರ ನೆಟ್ ಗೊತ್ತಿಲ್ಲ, ಅದಕ್ಕೆ ಬೀಳೋದು ಪೂರ್ತಿ ಗ್ರಾಸ್.

ಒಂದು ಚೀಟಿ ಊಹಿಸ್ಕೊಳ್ಳಿ. ಗ್ರಾಸ್ 11,000 ಕೆಜಿ, ಟೇರ್ 3,600, ನೆಟ್ 7,400. ಟೇರಲ್ಲಿ ಟ್ರ್ಯಾಕ್ಟರ್ 2,000, ಖಾಲಿ ಟ್ರೇಲರ್ 1,600 ಅಂತಿಟ್ಕೊಳ್ಳಿ. ಅಂದ್ರೆ ಹಿಂದೆ ನೇತಾಡ್ತಿರೋದು 9,000 ಕೆಜಿ, ಟ್ರ್ಯಾಕ್ಟರಿನ ನಾಲ್ಕೂವರೆ ಪಟ್ಟು. ನಮ್ಮ ಕಡೆ ಬಹುತೇಕ ಟ್ರೇಲರ್‌ಗೆ ಬ್ರೇಕೇ ಇರಲ್ಲ. ಅಷ್ಟನ್ನೂ ಟ್ರ್ಯಾಕ್ಟರಿನ ಎರಡು ಹಿಂದಿನ ಚಕ್ರವೇ ಹಿಡಿದು ನಿಲ್ಲಿಸಬೇಕು.

"ನಮ್ದು 45 ಎಚ್‌ಪಿ, ಆರಾಮಾಗಿ ಎಳೆಯುತ್ತೆ" ಅಂತೀರಿ. ಎಳೆಯುತ್ತೆ, ಒಪ್ತೀನಿ. ಆದ್ರೆ ಎಚ್‌ಪಿ ಬ್ರೇಕ್ ಹಿಡಿಯಲ್ಲ. ಏರಲ್ಲಿ ಮುಂದಿನ ಚಕ್ರ ಎದ್ರೆ ಸ್ಟೇರಿಂಗ್ ಕೆಲಸ ಮಾಡಲ್ಲ. ಇಳಿಜಾರಲ್ಲಿ ಟ್ರೇಲರೇ ಟ್ರ್ಯಾಕ್ಟರನ್ನ ತಳ್ಳುತ್ತೆ, ಬ್ರೇಕ್ ಒತ್ತಿದ್ರೆ ಅಡ್ಡ ತಿರುಗಬಹುದು. ಡೀಸೆಲ್ ಉಳಿಸೋಕೆ ನ್ಯೂಟ್ರಲ್ ಮಾಡಿ ಇಳಿಸೋರಂತೂ... ಬೇಡ ಬಿಡಿ, ಯಾರು ಅಂತ ಅವರಿಗೇ ಗೊತ್ತು. ವೇಗ ಡಬಲ್ ಆದ್ರೆ ಬ್ರೇಕ್ ತಿನ್ನಬೇಕಾದ ಶಕ್ತಿ ನಾಲ್ಕು ಪಟ್ಟು.

ಹಾಗಾದ್ರೆ ಎಷ್ಟು ಹಾಕಬಹುದು? ಟ್ರೇಲರ್‌ಗೆ ಬೇರೆಯೇ ಆರ್‌ಸಿ ಇರುತ್ತೆ. ಅದರಲ್ಲಿರೋ ಲೇಡನ್ ವೇಟಲ್ಲಿ ಅನ್‌ಲೇಡನ್ ವೇಟ್ ಕಳೀರಿ. 6,000ದಲ್ಲಿ 1,600 ಹೋದ್ರೆ 4,400. ಇದು ಟ್ರೇಲರ್ ತಡೆಯೋ ಲೆಕ್ಕ. ಟ್ರ್ಯಾಕ್ಟರ್ ಎಷ್ಟು ಎಳೀಬಹುದು ಅನ್ನೋದು ಕಂಪನಿ ಕೊಟ್ಟ ಮ್ಯಾನ್ಯುಯಲ್‌ನಲ್ಲಿರುತ್ತೆ, ಎರಡರಲ್ಲಿ ಯಾವುದು ಕಮ್ಮಿಯೋ ಅದೇ ಲಿಮಿಟ್. ಎರಡು ಟ್ರೇಲರ್ ಕಟ್ಟೋರು ಎರಡರ ಗ್ರಾಸೂ ಕೂಡಿಸಿ ನೋಡಿ.

ಮೇಲಿನ ಚೀಟಿಯಲ್ಲಿ 3 ಟನ್ ಜಾಸ್ತಿ ಆಯ್ತು. ಅದು ಲಾಭ ಅಲ್ಲ, ಯಾಕಂದ್ರೆ ಆ ಕಬ್ಬು ಇನ್ನೊಂದು ಟ್ರಿಪ್ಪಲ್ಲೂ ಅದೇ ರೇಟಿಗೆ ಹೋಗೋದೇ. ಉಳಿದಿದ್ದು ಒಂದು ಟ್ರಿಪ್ಪಿನ ಡೀಸೆಲ್ಲು, ಡ್ರೈವರ್ ಬಾಟಾ ಅಷ್ಟೇ. 2019ರ ತಿದ್ದುಪಡಿ ಆದ್ಮೇಲೆ ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ಹೇಳೋ ದಂಡ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್‌ಗೆ 2,000. ಒಟ್ಟು 26,000. ಜರ್ನಲ್ ಎಂಟ್ರಿ ನೀವೇ ಬರ್ಕೊಳ್ಳಿ.

ನಮ್ಮಣ್ಣ ಈಗಲೂ ರಾತ್ರಿ ಲೋಡು ಹೊಡೀತಾನೆ. ಈ ಲೆಕ್ಕ ತೋರಿಸ್ದೆ. "ಎಲ್ರೂ ಹಾಕ್ತಾರೆ ಕಣೋ, ನಾವೊಬ್ರೇ ಕಮ್ಮಿ ಹಾಕಿದ್ರೆ ಯಾರು ಬಾಡಿಗೆಗೆ ಕರೀತಾರೆ?" ಅಂದ. ಅದಕ್ಕೆ ನನ್ನತ್ರ ಉತ್ತರ ಇಲ್ಲ. ಒಂದಕ್ಕೆ ಮಾತ್ರ ಒಪ್ಪಿದಾನೆ: ಗದ್ದೆಯಿಂದ ರೋಡಿಗೆ ಬಂದ ತಕ್ಷಣ ಎಡ, ಬಲ ಎರಡೂ ಬ್ರೇಕ್ ಪೆಡಲ್ ಸೇರಿಸಿ ಲಾಕ್ ಹಾಕೋದು. ನೀವೂ ಹಾಕಿ. ಇವತ್ತು ರಾತ್ರಿ ಲೋಡು ಇರೋರಿಗೆ ಇದನ್ನ ಕಳಿಸಿ.